ದೋಷಸೂಚನೆಯೂ ದೋಷನಿರ್ಣಯವೂ: ಥ್ರಾಟಲ್ ಸ್ಥಾನಸಂವೇದಕದ ಇತಿಹಾಸವನ್ನು ಕುರಿತು ಒಂದು ವಿವೇಚನೆ

೧. ಪೀಠಿಕೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನಿರ್ಮಾಣದ ಚರಿತ್ರೆಯನ್ನೇ ಬರೆಯುತ್ತಾರೆ. ಯಾರು ಯಾವ ವರ್ಷ ಏನನ್ನು ಕಂಡುಹಿಡಿದರು, ಅದು ಹೇಗೆ ಪ್ರಚಾರಕ್ಕೆ ಬಂದಿತು, ಅದರಿಂದ ಜನಜೀವನ ಹೇಗೆ ಮಾರ್ಪಟ್ಟಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಪ್ರಾಧಾನ್ಯ. ಯಂತ್ರ ಕೆಟ್ಟಾಗ ಏನಾಯಿತು, ಕೆಟ್ಟದ್ದನ್ನು ಯಾರು ಯಾವ ಆಧಾರದಿಂದ ಗುರುತಿಸಿದರು, ಆ ಜ್ಞಾನ ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ಸಂದಿಲ್ಲ. ಆದರೆ ಯಂತ್ರದೊಡನೆ ಬಾಳುವವರ ಅನುಭವದಲ್ಲಿ ಎರಡನೆಯ ಬಗೆಯ ಪ್ರಶ್ನೆಗಳೇ ಹೆಚ್ಚು ನಿಕಟವಾದುವು. ಯಂತ್ರವನ್ನು ಕಂಡುಹಿಡಿದವನು ಒಬ್ಬ. ಅದನ್ನು ರಿಪೇರಿ ಮಾಡಿದವರು ಅಸಂಖ್ಯಾತರು.

ಪ್ರಕೃತ ಲೇಖನದಲ್ಲಿ ಈ ಉಪೇಕ್ಷಿತ ಭಾಗದಿಂದ ಒಂದು ಸಣ್ಣ ಉದಾಹರಣೆಯನ್ನು ಎತ್ತಿಕೊಂಡು ವಿವೇಚಿಸಲು ಉದ್ದೇಶಿಸಿದ್ದೇವೆ. ಪೆಟ್ರೋಲ್ ಎಂಜಿನ್ನಿನೊಳಕ್ಕೆ ಗಾಳಿ ಹೋಗುವ ಮಾರ್ಗದಲ್ಲಿ ಅಚ್ಚಿನ ಮೇಲೆ ತಿರುಗುವ ಒಂದು ತಟ್ಟೆಯಿದೆ. ಅದಕ್ಕೆ ಥ್ರಾಟಲ್ ಎಂದು ಹೆಸರು. ಚಾಲಕನು ಆಕ್ಸಿಲರೇಟರನ್ನು ಒತ್ತಿದಂತೆ ಅದು ತೆರೆದುಕೊಳ್ಳುತ್ತದೆ, ಬಿಟ್ಟಂತೆ ಮುಚ್ಚಿಕೊಳ್ಳುತ್ತದೆ. ಆ ತಟ್ಟೆ ಈ ಗಳಿಗೆಯಲ್ಲಿ ಎಷ್ಟು ತೆರೆದಿದೆ ಎಂಬುದನ್ನು ಎಂಜಿನ್ನಿನ ಗಣಕಕ್ಕೆ ತಿಳಿಸುವ ಪುಟ್ಟ ಉಪಕರಣವೇ ಥ್ರಾಟಲ್ ಪೊಸಿಷನ್ ಸೆನ್ಸರ್. ನಾವು ಇದನ್ನು ಸ್ಥಾನಸಂವೇದಕವೆಂದು ಕರೆಯುತ್ತೇವೆ. ಇದು ಕೆಟ್ಟರೆ ಕಾರು ವೇಗ ಹೆಚ್ಚಿಸುವಾಗ ತಡವರಿಸುತ್ತದೆ, ನಿಂತಲ್ಲಿ ಎಂಜಿನ್ನಿನ ವೇಗ ಏರಿಳಿಯುತ್ತದೆ, ಕೆಲವು ವೇಳೆ ಇದ್ದಕ್ಕಿದ್ದಂತೆ ಜಗ್ಗುತ್ತದೆ. ಚಾಲಕನ ಎದುರಿನ ಫಲಕದಲ್ಲಿ ಒಂದು ದೀಪ ಹೊತ್ತಿಕೊಳ್ಳುತ್ತದೆ. ಗಣಕದ ನೆನಪಿನಲ್ಲಿ ಒಂದು ಸಂಖ್ಯೆ ದಾಖಲಾಗುತ್ತದೆ.

ಈ ಸಂಖ್ಯೆಯೇ ನಮ್ಮ ವಿವೇಚನೆಯ ಕೇಂದ್ರ. ಅದನ್ನು ದೋಷದ ನಿರ್ಣಯವೆಂದು ಭಾವಿಸುವ ರೂಢಿ ವ್ಯಾಪಕವಾಗಿದೆ. ವಸ್ತುತಃ ಅದು ನಿರ್ಣಯವಲ್ಲ, ಒಂದು ಸಾಕ್ಷ್ಯ. ಶಾಸನ, ಕಡತ, ಬಖೈರುಗಳನ್ನು ಹೇಗೆ ಪರೀಕ್ಷಿಸದೆ ಒಪ್ಪಲಾಗದೋ ಹಾಗೆಯೇ ಇದನ್ನೂ ಪರೀಕ್ಷಿಸದೆ ಒಪ್ಪಲಾಗದು. ಈ ಮಾತನ್ನು ಇತಿಹಾಸದ ಆಧಾರದಿಂದಲೇ ಸ್ಥಾಪಿಸಬಹುದೆಂಬುದು ನಮ್ಮ ಅಭಿಪ್ರಾಯ.

೨. ಹಬೆಯ ಎಂಜಿನ್ನಿನಿಂದ ಕಾರ್ಬ್ಯುರೇಟರಿನವರೆಗೆ

ಇಂಗ್ಲಿಷಿನ ಥ್ರಾಟಲ್ ಎಂಬ ಪದಕ್ಕೆ ಕತ್ತು ಹಿಸುಕುವುದು ಎಂಬ ಅರ್ಥವಿದೆ. ಮಾರ್ಗವನ್ನು ಕಿರಿದುಗೊಳಿಸಿ ಪ್ರವಾಹವನ್ನು ಹತೋಟಿಯಲ್ಲಿಡುವ ಕವಾಟಕ್ಕೆ ಈ ಹೆಸರು ಹಬೆಯ ಎಂಜಿನ್ನಿನ ಕಾಲದಿಂದಲೇ ಬಂದದ್ದು. ಜೇಮ್ಸ್ ವಾಟ್ ೧೭೮೮ರಲ್ಲಿ ತನ್ನ ಎಂಜಿನ್ನಿಗೆ ಎರಡು ಗುಂಡುಗಳುಳ್ಳ ವೇಗನಿಯಂತ್ರಕವನ್ನು ಅಳವಡಿಸಿದನು. ಎಂಜಿನ್ನಿನ ವೇಗ ಹೆಚ್ಚಿದರೆ ಗುಂಡುಗಳು ದೂರ ಸರಿದು, ಸನ್ನೆಗಳ ಮೂಲಕ ಥ್ರಾಟಲ್ ಕವಾಟವನ್ನು ಮುಚ್ಚುತ್ತಿದ್ದುವು. ವೇಗ ಕುಗ್ಗಿದರೆ ಒಳಕ್ಕೆ ಸರಿದು ಅದನ್ನು ತೆರೆಯುತ್ತಿದ್ದುವು. ಗಿರಣಿಗಳಲ್ಲಿ ಇಂಥ ಗುಂಡುಗಳ ಬಳಕೆ ಮೊದಲೇ ಇತ್ತು; ಅದನ್ನು ಹಬೆಯ ಎಂಜಿನ್ನಿಗೆ ಅನ್ವಯಿಸಿದುದು ವಾಟನ ಹೆಗ್ಗಳಿಕೆ. ಇಂಥ ನಿಯಂತ್ರಕಗಳ ಗಣಿತವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ೧೮೬೮ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದನು.

ನಮ್ಮ ವಿಷಯಕ್ಕೆ ಇದಕ್ಕಿಂತಲೂ ಹತ್ತಿರವಾದುದು ಅದೇ ಕಾರ್ಖಾನೆಯಲ್ಲಿ ಹುಟ್ಟಿದ ಇನ್ನೊಂದು ಉಪಕರಣ. ಎಂಜಿನ್ನಿನ ಸಿಲಿಂಡರಿನೊಳಗೆ ಹಬೆಯ ಒತ್ತಡ ಎಷ್ಟಿದೆ ಎಂಬುದನ್ನು ಹೊರಗಿನಿಂದ ತೋರಿಸುವ ಇಂಡಿಕೇಟರನ್ನು ವಾಟ್ ರಚಿಸಿದನು. ಅವನ ಸಹಾಯಕನಾದ ಜಾನ್ ಸದರ್ನ್ ೧೭೯೬ರಲ್ಲಿ ಅದಕ್ಕೆ ಒಂದು ಪೆನ್ಸಿಲನ್ನೂ ಚಲಿಸುವ ಹಲಗೆಯನ್ನೂ ಸೇರಿಸಿದನು. ಇದರಿಂದಾಗಿ ಎಂಜಿನ್ ತನ್ನ ಒಳಗಿನ ಸ್ಥಿತಿಯನ್ನು ತಾನೇ ಕಾಗದದ ಮೇಲೆ ಒಂದು ರೇಖೆಯಾಗಿ ಬರೆಯತೊಡಗಿತು. ಆ ರೇಖೆ ಆವರಿಸಿದ ಕ್ಷೇತ್ರದಿಂದ ಎಂಜಿನ್ ಮಾಡಿದ ಕೆಲಸವನ್ನು ಲೆಕ್ಕಹಾಕಬಹುದಾಗಿತ್ತು. ಅದರ ಆಕಾರದಿಂದ ಕವಾಟ ತಡವಾಗಿ ತೆರೆಯುತ್ತಿದೆಯೇ, ಹಬೆ ಸೋರುತ್ತಿದೆಯೇ ಎಂಬುದನ್ನು ಊಹಿಸಬಹುದಾಗಿತ್ತು. ಆದರೆ ಗಮನಾರ್ಹವಾದ ಸಂಗತಿಯೊಂದಿದೆ. ಬೋಲ್ಟನ್ ಮತ್ತು ವಾಟ್ ಸಂಸ್ಥೆ ಈ ಉಪಕರಣವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ರಹಸ್ಯವಾಗಿ ಇಟ್ಟುಕೊಂಡಿತು. ಯಂತ್ರವನ್ನು ಮಾರಿದ ಮೇಲೂ ಅದರ ಒಳಗನ್ನು ಓದುವ ವಿದ್ಯೆ ಮಾರಿದವನಲ್ಲಿಯೇ ಉಳಿದಿತ್ತು. ಈ ಪ್ರಶ್ನೆ ಎರಡು ಶತಮಾನಗಳ ಬಳಿಕ ಮತ್ತೆ ತಲೆಯೆತ್ತಿದುದನ್ನು ಮುಂದೆ ಕಾಣಲಿದ್ದೇವೆ.

ಪೆಟ್ರೋಲ್ ಎಂಜಿನ್ನಿನಲ್ಲಿ ವಿಲ್ಹೆಲ್ಮ್ ಮೇಬಾಕ್ ೧೮೯೩ರಲ್ಲಿ ರಚಿಸಿದ ತುಂತುರು ಕಾರ್ಬ್ಯುರೇಟರ್ ಮುಂದಿನ ಹಲವು ದಶಕಗಳ ಪದ್ಧತಿಗೆ ಮಾದರಿಯಾಯಿತು. ಗಾಳಿಯ ರಭಸವೇ ಪೆಟ್ರೋಲನ್ನು ಸೆಳೆದುಕೊಳ್ಳುವ ಈ ಏರ್ಪಾಡಿನಲ್ಲಿ ಥ್ರಾಟಲ್ ತಟ್ಟೆಯ ಸ್ಥಾನವನ್ನು ಯಾರಿಗೂ ವರದಿ ಮಾಡಬೇಕಾಗಿರಲಿಲ್ಲ. ಚಾಲಕನ ಕಾಲು, ಒಂದು ತಂತಿ, ಒಂದು ತಟ್ಟೆ, ಇಷ್ಟೇ ಇದ್ದದ್ದು. ದೋಷವನ್ನು ಪತ್ತೆಮಾಡುತ್ತಿದ್ದುದು ಮೆಕ್ಯಾನಿಕ್ಕಿನ ಕಿವಿ, ಮೂಗು, ಕೈ. ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿದೆಯೆಂದೂ, ಬಿಳಿಚಿಕೊಂಡಿದ್ದರೆ ಸಾಲದಾಗಿದೆಯೆಂದೂ ಅವನು ಹೇಳುತ್ತಿದ್ದನು. ಈ ಜ್ಞಾನ ಗ್ರಂಥಸ್ಥವಾದದ್ದು ಸ್ವಲ್ಪ. ಹಿರಿಯನ ಬಳಿ ವರ್ಷಗಟ್ಟಲೆ ದುಡಿದು ಪಡೆದದ್ದು ಹೆಚ್ಚು. ಅದರ ಗುಣವೆಂದರೆ, ದೋಷದ ಲಕ್ಷಣವೂ ಕಾರಣವೂ ಒಂದೇ ಕಣ್ಣಿಗೆ ಕಾಣುತ್ತಿದ್ದುವು. ಅದರ ಮಿತಿಯೆಂದರೆ, ಕಣ್ಣಿಗೆ ಕಾಣದ ಹೊಗೆಯ ಅಂಶಗಳು ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

೩. ಹೊಗೆಯ ಮಂಜು ಮತ್ತು ವಿದ್ಯುನ್ಮಾನ ನಿಯಂತ್ರಣ

ಲಾಸ್ ಏಂಜಲಿಸ್ ನಗರದ ಮೇಲೆ ೧೯೪೩ರ ಜುಲೈ ತಿಂಗಳಲ್ಲಿ ಕಣ್ಣುರಿಸುವ ದಟ್ಟವಾದ ಮಬ್ಬು ಕವಿಯಿತು. ಆ ಬಳಿಕ ಅದು ಮತ್ತೆ ಮತ್ತೆ ಕಾಣಿಸಿಕೊಂಡಿತು. ೧೯೫೦ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ತಂತ್ರವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್ ಅವರು, ಮೋಟಾರು ವಾಹನಗಳೂ ತೈಲೋದ್ಯಮವೂ ಹೊರಬಿಡುವ ಹೈಡ್ರೋಕಾರ್ಬನ್ನುಗಳು ಹಾಗೂ ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಪರಸ್ಪರ ವರ್ತಿಸಿ ಈ ಮಬ್ಬನ್ನು ಉಂಟುಮಾಡುತ್ತವೆಂದು ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾ ರಾಜ್ಯ ೧೯೬೭ರಲ್ಲಿ ವಾಯುಸಂಪನ್ಮೂಲ ಮಂಡಲಿಯನ್ನು ಸ್ಥಾಪಿಸಿತು. ಹಾಗನ್-ಸ್ಮಿಟ್ ಅವರೇ ಅದರ ಮೊದಲನೆಯ ಅಧ್ಯಕ್ಷರಾದರು. ೧೯೭೦ರ ಅಮೆರಿಕದ ಶುದ್ಧವಾಯು ಶಾಸನ, ವಾಹನಗಳ ಮುಖ್ಯ ಮಾಲಿನ್ಯಗಳನ್ನು ಕೆಲವೇ ವರ್ಷಗಳಲ್ಲಿ ಶೇಕಡ ೯೦ರಷ್ಟು ತಗ್ಗಿಸಬೇಕೆಂದು ವಿಧಿಸಿತು.

ಇದಕ್ಕೂ ಥ್ರಾಟಲ್ ತಟ್ಟೆಗೂ ಸಂಬಂಧವೇನೆಂದು ಓದುಗರು ಕೇಳಬಹುದು. ಸಂಬಂಧ ಬಹಳ ನೇರವಾದುದು. ಮಾಲಿನ್ಯ ತಗ್ಗಬೇಕಾದರೆ ಪೆಟ್ರೋಲು ಮತ್ತು ಗಾಳಿಯ ಪ್ರಮಾಣ ಗಳಿಗೆಗಳಿಗೆಗೂ ಕರಾರುವಾಕ್ಕಾಗಿರಬೇಕು. ಕೇವಲ ಗಾಳಿಯ ಸೆಳೆತವನ್ನು ನೆಚ್ಚಿದ ಕಾರ್ಬ್ಯುರೇಟರಿನಿಂದ ಇದು ಸಾಧ್ಯವಾಗಲಿಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸುವ ವಿದ್ಯುನ್ಮಾನ ಏರ್ಪಾಡು ಬೇಕಾಯಿತು. ಅಳೆಯಬೇಕಾದರೆ ಚಾಲಕನ ಅಪೇಕ್ಷೆ ಏನೆಂಬುದು ಆ ಏರ್ಪಾಡಿಗೆ ತಿಳಿದಿರಬೇಕಾಯಿತು. ಚಾಲಕನ ಅಪೇಕ್ಷೆ ವ್ಯಕ್ತವಾಗುವುದು ಥ್ರಾಟಲ್ ತಟ್ಟೆಯ ಚಲನೆಯಲ್ಲಿ.

ಈ ದಿಕ್ಕಿನ ಮೊದಲ ಪ್ರಯತ್ನ ಮಾಲಿನ್ಯದ ಶಾಸನಗಳಿಗಿಂತ ಹಿಂದಿನದು. ಅಮೆರಿಕದ ಬೆಂಡಿಕ್ಸ್ ಸಂಸ್ಥೆ ರಚಿಸಿದ ಎಲೆಕ್ಟ್ರೋಜೆಕ್ಟರ್ ಎಂಬ ವ್ಯವಸ್ಥೆಯನ್ನು ಕ್ರೈಸ್ಲರ್ ಸಂಸ್ಥೆ ೧೯೫೮ರ ಮಾದರಿಯ ಕೆಲವೇ ಕಾರುಗಳಲ್ಲಿ ಅಳವಡಿಸಿತು. ಅಂದಿನ ವಿದ್ಯುನ್ಮಾನ ಭಾಗಗಳು ಎಂಜಿನ್ನಿನ ಪರಿಸರವನ್ನು ತಾಳಿಕೊಳ್ಳಲಿಲ್ಲ. ಆ ಕಾರುಗಳಲ್ಲಿ ಬಹುಪಾಲಿಗೆ ಮತ್ತೆ ಕಾರ್ಬ್ಯುರೇಟರನ್ನೇ ಕೂರಿಸಬೇಕಾಯಿತು. ಬೆಂಡಿಕ್ಸಿನ ಪೇಟೆಂಟುಗಳ ಆಧಾರದ ಮೇಲೆ ಜರ್ಮನಿಯ ಬಾಷ್ ಸಂಸ್ಥೆ ಟ್ರಾನ್ಸಿಸ್ಟರುಗಳನ್ನು ಬಳಸಿ ಡಿ-ಜೆಟ್ರೋನಿಕ್ ಎಂಬ ವ್ಯವಸ್ಥೆಯನ್ನು ಸಿದ್ಧಪಡಿಸಿತು. ೧೯೬೭ರಲ್ಲಿ ಅದು ಅಮೆರಿಕಕ್ಕೆ ಹೋಗುವ ಫೋಕ್ಸ್‌ವಾಗನ್ ೧೬೦೦ ಕಾರುಗಳಲ್ಲಿ ಬಳಕೆಗೆ ಬಂದಿತು.

ಡಿ-ಜೆಟ್ರೋನಿಕ್ ವ್ಯವಸ್ಥೆಯಲ್ಲಿ ಥ್ರಾಟಲ್ ಅಚ್ಚಿನ ತುದಿಗೆ ಒಂದು ಸ್ವಿಚ್ಚನ್ನು ಜೋಡಿಸಿದ್ದರು. ತಟ್ಟೆ ಪೂರ್ತಿ ಮುಚ್ಚಿದೆಯೇ ಎಂಬುದನ್ನು ಅದರ ಒಂದು ಸಂಪರ್ಕ ತಿಳಿಸುತ್ತಿತ್ತು. ತಟ್ಟೆ ತೆರೆಯುತ್ತಿರುವಾಗ, ಬಾಚಣಿಗೆಯ ಹಲ್ಲುಗಳಂತಿದ್ದ ಲೋಹದ ಗೆರೆಗಳ ಮೇಲೆ ಒಂದು ಸಣ್ಣ ಕಡ್ಡಿ ಜಾರುತ್ತ ಒಂದೊಂದು ಹಲ್ಲಿಗೂ ಒಂದೊಂದು ಮಿಡಿತವನ್ನು ಕಳುಹಿಸುತ್ತಿತ್ತು. ಆ ಮಿಡಿತಗಳಿಗೆ ಅನುಗುಣವಾಗಿ ಹೆಚ್ಚಿನ ಪೆಟ್ರೋಲು ಚಿಮ್ಮುತ್ತಿತ್ತು. ಇದೇ ನಮ್ಮ ಸ್ಥಾನಸಂವೇದಕದ ಪೂರ್ವಜ. ಪೂರ್ವಜನ ವ್ಯಾಧಿಯೂ ವಂಶಜನಿಗೆ ಬಂದಿತು. ಲೋಹದ ಗೆರೆಗಳು ಸವೆದಂತೆ ಮಿಡಿತಗಳು ತಪ್ಪುತ್ತಿದ್ದುವು, ಕಾರು ತಡವರಿಸುತ್ತಿತ್ತು. ಇಲ್ಲಿ ದೋಷದ ಸ್ವರೂಪವೇ ಬದಲಾದುದನ್ನು ಗಮನಿಸಬೇಕು. ಪ್ಲಗ್ಗು ಸರಿಯಾಗಿದೆ, ಪೆಟ್ರೋಲು ಸರಿಯಾಗಿದೆ, ಗಾಳಿಯೂ ಸರಿಯಾಗಿದೆ. ಕೆಟ್ಟಿರುವುದು ವಾರ್ತೆ ಮಾತ್ರ. ವಾರ್ತೆ ಕೆಟ್ಟದ್ದನ್ನು ಮೂಗಿನಿಂದಾಗಲಿ ಕಿವಿಯಿಂದಾಗಲಿ ನೇರವಾಗಿ ತಿಳಿಯುವಂತಿರಲಿಲ್ಲ.

೪. ಸಂವೇದಕದ ರಚನೆಯೂ ಸಂಕೇತಗಳ ಉದಯವೂ

ಬಿಡಿಬಿಡಿಯಾದ ಮಿಡಿತಗಳಿಗೆ ಬದಲಾಗಿ ಅವಿಚ್ಛಿನ್ನವಾದ ಅಳತೆಯನ್ನು ಕೊಡುವ ಸಾಧನವೆಂದರೆ ಪೊಟೆನ್ಷಿಯೋಮೀಟರ್. ಈ ಹೆಸರಿನ ಅಳತೆಯ ವಿಧಾನವನ್ನು ಜರ್ಮನ್ ಭೌತವಿಜ್ಞಾನಿ ಪೊಗೆನ್‌ಡಾರ್ಫ್ ೧೮೪೧ರಲ್ಲಿ ವಿವರಿಸಿದ್ದನು. ಕಾರಿನ ಸಂವೇದಕದಲ್ಲಿ ಅದರ ರೂಪ ಸರಳವಾದುದು. ವಿದ್ಯುತ್ತಿಗೆ ತಡೆಯೊಡ್ಡುವ ಪದಾರ್ಥದ ಒಂದು ಪಟ್ಟಿಯಿರುತ್ತದೆ. ಅದರ ಒಂದು ತುದಿಗೆ ಗಣಕವು ೫ ವೋಲ್ಟ್ ಕೊಡುತ್ತದೆ, ಇನ್ನೊಂದು ತುದಿ ಅರ್ತಿಗೆ ಸೇರಿರುತ್ತದೆ. ಥ್ರಾಟಲ್ ಅಚ್ಚಿನೊಡನೆ ತಿರುಗುವ ಕಡ್ಡಿ ಆ ಪಟ್ಟಿಯ ಮೇಲೆ ಜಾರುತ್ತ, ತಾನು ನಿಂತ ಜಾಗದ ವೋಲ್ಟೇಜನ್ನು ಮೂರನೆಯ ತಂತಿಯ ಮೂಲಕ ಗಣಕಕ್ಕೆ ಒಪ್ಪಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ ತಟ್ಟೆ ಮುಚ್ಚಿದಾಗ ಅರ್ಧ ವೋಲ್ಟಿನ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕು ಅಥವಾ ನಾಲ್ಕೂವರೆ ವೋಲ್ಟಿನ ಆಸುಪಾಸು. ಸೊನ್ನೆಯನ್ನೂ ಐದನ್ನೂ ಬೇಕೆಂದೇ ಮುಟ್ಟದಂತೆ ರಚಿಸಿರುತ್ತಾರೆ. ಸೊನ್ನೆ ಬಂದರೆ ತಂತಿ ಕಡಿದಿದೆ ಅಥವಾ ಅರ್ತಿಗೆ ತಗಲಿದೆ, ಐದು ಬಂದರೆ ವಿದ್ಯುತ್ ನೇರವಾಗಿ ನುಗ್ಗಿದೆ ಅಥವಾ ಅರ್ತ್ ಸಂಪರ್ಕ ತಪ್ಪಿದೆ ಎಂದು ಗಣಕವು ಅನುಮಾನಿಸಲು ಇದರಿಂದ ಅವಕಾಶವಾಗುತ್ತದೆ.

ಈ ಅನುಮಾನವನ್ನು ಜನರಿಗೆ ತಿಳಿಸುವ ಏರ್ಪಾಡು ವ್ಯಾಪಕವಾದುದು ೧೯೮೧ರಲ್ಲಿ. ಆ ವರ್ಷದ ಮಾದರಿಯಿಂದ ಜನರಲ್ ಮೋಟಾರ್ಸ್ ಸಂಸ್ಥೆ ಅಮೆರಿಕದಲ್ಲಿ ಮಾರುವ ತನ್ನ ಬಹುಪಾಲು ಪೆಟ್ರೋಲ್ ಕಾರುಗಳಿಗೆ ಗಣಕನಿಯಂತ್ರಣವನ್ನು ಅಳವಡಿಸಿತು. ಅವುಗಳಲ್ಲಿ ಹಲವಕ್ಕೆ ಇನ್ನೂ ಕಾರ್ಬ್ಯುರೇಟರೇ ಇತ್ತು. ಸ್ಥಾನಸಂವೇದಕವು ಅದರೊಳಗೇ ಕುಳಿತಿತ್ತು. ದೋಷ ಕಂಡಾಗ ಎಂಜಿನ್ನನ್ನು ಪರೀಕ್ಷಿಸಿ ಎಂಬ ಬರಹದ ದೀಪ ಹೊತ್ತಿಕೊಳ್ಳುತ್ತಿತ್ತು. ಫಲಕದ ಕೆಳಗಿನ ಕನೆಕ್ಟರಿನಲ್ಲಿ ಗೊತ್ತಾದ ಎರಡು ತುದಿಗಳನ್ನು ಒಂದು ತಂತಿಯ ತುಂಡಿನಿಂದ ಕೂಡಿಸಿದರೆ ಅದೇ ದೀಪವು ಸಂಖ್ಯೆಗಳನ್ನು ಮಿನುಗಿ ತೋರಿಸುತ್ತಿತ್ತು. ಎರಡು ಮಿನುಗು, ಒಂದು ವಿರಾಮ, ಮತ್ತೆ ಒಂದು ಮಿನುಗು ಬಂದರೆ ೨೧. ಎಂದರೆ ಸ್ಥಾನಸಂವೇದಕದ ವೋಲ್ಟೇಜು ಮಿತಿಗಿಂತ ಹೆಚ್ಚು. ೨೨ ಬಂದರೆ ಮಿತಿಗಿಂತ ಕಡಮೆ. ಫೋರ್ಡ್ ಸಂಸ್ಥೆಯ ಕಾರುಗಳಲ್ಲಿ ಇವೇ ದೋಷಗಳಿಗೆ ೫೩, ೬೩ ಎಂಬ ಬೇರೆ ಸಂಖ್ಯೆಗಳಿದ್ದುವು. ಒಂದೊಂದು ಸಂಸ್ಥೆಗೆ ಒಂದೊಂದು ಲಿಪಿ ಎಂಬಂತಾಗಿತ್ತು ಅಂದಿನ ಸ್ಥಿತಿ.

೫. ಸಾಕ್ಷ್ಯದ ಪರೀಕ್ಷೆ

೨೨ ಎಂಬ ಸಂಖ್ಯೆ ವಸ್ತುತಃ ಏನು ಹೇಳುತ್ತದೆ? ಸಂವೇದಕ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಮೂರನೆಯ ತಂತಿಯಲ್ಲಿ ಬಂದ ವೋಲ್ಟೇಜು ನಿರೀಕ್ಷಿತ ಮಿತಿಗಿಂತ ಕೆಳಗಿತ್ತು ಎಂದಷ್ಟೇ ಹೇಳುತ್ತದೆ. ಅದಕ್ಕೆ ಕಾರಣ ಸಂವೇದಕವಿರಬಹುದು. ೫ ವೋಲ್ಟ್ ತರುವ ತಂತಿ ಎಲ್ಲಿಯೋ ಕಡಿದಿರಬಹುದು. ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದಿರಬಹುದು. ಅದೇ ೫ ವೋಲ್ಟನ್ನು ಹಂಚಿಕೊಂಡಿರುವ ಬೇರೊಂದು ಸಂವೇದಕ ಕೆಟ್ಟು ಅದನ್ನು ಕೆಳಕ್ಕೆ ಎಳೆದಿರಬಹುದು. ಅಪರೂಪವಾಗಿ ಗಣಕವೇ ಕೆಟ್ಟಿರಬಹುದು. ಸಂಖ್ಯೆಯನ್ನು ಕಂಡೊಡನೆ ಸಂವೇದಕವನ್ನು ಬದಲಾಯಿಸುವವನು, ಶಾಸನದಲ್ಲಿ ರಾಜನು ಗೆದ್ದನೆಂದು ಕೆತ್ತಿದೆಯೆಂಬ ಒಂದೇ ಕಾರಣದಿಂದ ಯುದ್ಧದ ಫಲಿತಾಂಶವನ್ನು ಬರೆದುಬಿಡುವ ಚರಿತ್ರಕಾರನಂತೆ. ಇಬ್ಬರೂ ಕೆಲವು ವೇಳೆ ಸರಿಯಾಗಿರುತ್ತಾರೆ; ಆದರೆ ಏಕೆ ಸರಿ ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ಆದಕಾರಣ ನುರಿತ ಮೆಕ್ಯಾನಿಕ್ಕು ಅನುಸರಿಸುವ ಕ್ರಮ ಬೇರೆ. ಮೊದಲು ಕನೆಕ್ಟರನ್ನು ಬಿಚ್ಚಿ, ಗಣಕದ ಕಡೆಯಿಂದ ೫ ವೋಲ್ಟ್ ಬರುತ್ತಿದೆಯೇ ಎಂದು ಮಲ್ಟಿಮೀಟರಿನಿಂದ ಅಳೆಯುತ್ತಾನೆ. ಅದು ಬಾರದಿದ್ದರೆ ಸಂವೇದಕದ ಮೇಲಿನ ಆರೋಪ ಅಲ್ಲಿಗೇ ದುರ್ಬಲವಾಯಿತು. ಬಂದರೆ ಅರ್ತ್ ತಂತಿಯನ್ನು ಪರೀಕ್ಷಿಸುತ್ತಾನೆ. ಅದೂ ಸರಿಯಿದ್ದರೆ ಕನೆಕ್ಟರನ್ನು ಮತ್ತೆ ಕೂಡಿಸಿ, ಎಂಜಿನ್ನನ್ನು ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಥ್ರಾಟಲ್ಲನ್ನು ನಿಧಾನವಾಗಿ ತೆರೆಯುತ್ತ ಮೂರನೆಯ ತಂತಿಯ ವೋಲ್ಟೇಜು ಎಲ್ಲಿಯೂ ಮುಗ್ಗರಿಸದೆ ಏರುತ್ತದೆಯೇ ಎಂದು ನೋಡುತ್ತಾನೆ. ತಂತಿಯ ಕಟ್ಟನ್ನು ಅಲುಗಾಡಿಸಿ, ಅಳತೆ ಹಾರಾಡುತ್ತದೆಯೇ ಎಂದೂ ಪರೀಕ್ಷಿಸುತ್ತಾನೆ. ಈ ಕ್ರಮದಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಸಂಭವವನ್ನು ತಳ್ಳಿಹಾಕುತ್ತದೆ, ಉಳಿದುದೇ ನಿರ್ಣಯವಾಗುತ್ತದೆ.

ಇಲ್ಲಿ ಅಳೆಯುವ ಸಾಧನವನ್ನೂ ವಿಮರ್ಶಿಸಬೇಕಾಗುತ್ತದೆ. ಸಂವೇದಕದ ಪಟ್ಟಿ ಎಲ್ಲೆಡೆಯೂ ಸಮನಾಗಿ ಸವೆಯುವುದಿಲ್ಲ. ಕಾರಿನ ಆಯುಷ್ಯದ ಹೆಚ್ಚು ಭಾಗ ಥ್ರಾಟಲ್ ಸ್ವಲ್ಪವೇ ತೆರೆದ ಸ್ಥಿತಿಯಲ್ಲಿ ಕಳೆಯುತ್ತದೆ. ಆದುದರಿಂದ ಆ ಭಾಗದಲ್ಲಿಯೇ ಸವಕಳಿ ಹೆಚ್ಚು. ಕಡ್ಡಿ ಆ ಜಾಗವನ್ನು ದಾಟುವಾಗ ವೋಲ್ಟೇಜು ಕ್ಷಣಾರ್ಧದಲ್ಲಿ ಕುಸಿದು ಮತ್ತೆ ಮೊದಲಿನಂತಾಗುತ್ತದೆ. ಅಂಕಿಗಳನ್ನು ತೋರಿಸುವ ಸಾಮಾನ್ಯ ಮೀಟರು ಬಿಡಿಬಿಡಿಯಾಗಿ ಅಳೆಯುವುದರಿಂದ ಈ ಕುಸಿತ ಅದರ ಎರಡು ಅಳತೆಗಳ ನಡುವೆ ತಪ್ಪಿಸಿಕೊಳ್ಳಬಹುದು. ಹಳೆಯ ಮಾದರಿಯ ಮುಳ್ಳಿನ ಮೀಟರಿನಲ್ಲಿ ಮುಳ್ಳು ಅಳುಕುವುದು ಕಾಣುತ್ತದೆ. ಆಸಿಲೋಸ್ಕೋಪಿನ ತೆರೆಯ ಮೇಲಂತೂ ಅದು ರೇಖೆಯ ನಡುವೆ ಕಂದಕದಂತೆ ಸ್ಪಷ್ಟವಾಗಿ ಮೂಡುತ್ತದೆ. ಎರಡು ಶತಮಾನಗಳ ಹಿಂದೆ ಸದರ್ನನ ಪೆನ್ಸಿಲು ಮಾಡಿದ ಕೆಲಸವನ್ನೇ ಇದು ಮಾಡುತ್ತದೆಯೆಂದರೆ ತಪ್ಪಲ್ಲ. ಒಂದು ಕ್ಷಣದ ಬೆಲೆಯನ್ನು ಹೇಳುವ ಅಂಕಿಗಿಂತ, ಕಾಲದಲ್ಲಿ ನಡೆದುದನ್ನು ಚಿತ್ರಿಸುವ ರೇಖೆ ದೋಷನಿರ್ಣಯಕ್ಕೆ ಹೆಚ್ಚು ಉಪಯುಕ್ತ.

೬. ಶಾಸನ, ಸಮಾನಲಿಪಿ ಮತ್ತು ಜ್ಞಾನದ ಒಡೆತನ

ಕಾರು ತನ್ನ ದೋಷವನ್ನು ತಾನೇ ಹೇಳಬೇಕೆಂಬ ನಿಯಮ ಮೊದಲಿಗೆ ಬಂದುದು ಮೆಕ್ಯಾನಿಕ್ಕನ ಅನುಕೂಲಕ್ಕಾಗಿ ಅಲ್ಲ, ಗಾಳಿಯ ರಕ್ಷಣೆಗಾಗಿ. ಹೊಸದಾಗಿ ಶುದ್ಧವಾಗಿದ್ದ ಕಾರು ಒಂದು ಸಂವೇದಕ ಕೆಟ್ಟ ಮಾತ್ರಕ್ಕೆ, ಮಾಲೀಕನಿಗೆ ತಿಳಿಯದಂತೆಯೇ, ವರ್ಷಗಟ್ಟಲೆ ಹೊಗೆ ಕಾರಬಹುದೆಂಬುದು ಅಧಿಕಾರಿಗಳ ಆತಂಕವಾಗಿತ್ತು. ಕ್ಯಾಲಿಫೋರ್ನಿಯಾದ ವಾಯುಸಂಪನ್ಮೂಲ ಮಂಡಲಿ ೧೯೮೫ರಲ್ಲಿ ಮಾಡಿದ ನಿಯಮ ೧೯೮೮ರ ಮಾದರಿಯ ಕಾರುಗಳಿಂದ ಜಾರಿಗೆ ಬಂದಿತು. ಇದರ ಎರಡನೆಯ, ಹೆಚ್ಚು ಬಿಗಿಯಾದ ರೂಪವು ೧೯೯೬ರ ಮಾದರಿಯಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಯಿತು. ಹದಿನಾರು ಪಿನ್ನುಗಳ ಒಂದೇ ಬಗೆಯ ಕನೆಕ್ಟರ್, ಒಂದೇ ಬಗೆಯ ಸಂಕೇತಗಳು ಕಡ್ಡಾಯವಾದುವು. ಸ್ಥಾನಸಂವೇದಕಕ್ಕೆ ಪಿ ೦೧೨೦ರಿಂದ ಪಿ ೦೧೨೪ರವರೆಗಿನ ಸಂಖ್ಯೆಗಳು ಸಂದುವು. ಇವುಗಳಲ್ಲಿ ೦೧೨೨ ಕಡಮೆ ವೋಲ್ಟೇಜನ್ನೂ, ೦೧೨೩ ಹೆಚ್ಚು ವೋಲ್ಟೇಜನ್ನೂ, ೦೧೨೪ ಆಗಾಗ ಬಂದು ಹೋಗುವ ದೋಷವನ್ನೂ ಸೂಚಿಸುತ್ತವೆ. ೦೧೨೧ ಎಂಬುದು ಇವೆಲ್ಲಕ್ಕಿಂತ ಸ್ವಾರಸ್ಯವಾದುದು. ವೋಲ್ಟೇಜು ಮಿತಿಯೊಳಗೇ ಇದೆ. ಆದರೆ ಒಳಹೋಗುತ್ತಿರುವ ಗಾಳಿಯ ಅಳತೆ, ಎಂಜಿನ್ನಿನ ವೇಗ ಮೊದಲಾದ ಇತರ ಸಾಕ್ಷ್ಯಗಳೊಡನೆ ಅದು ಹೊಂದುವುದಿಲ್ಲ ಎಂದು ಅದರ ಅರ್ಥ. ಒಂದು ಆಕರವನ್ನು ಇನ್ನೊಂದು ಆಕರದಿಂದ ಪರೀಕ್ಷಿಸುವ ವಿಧಾನವನ್ನು ಇಲ್ಲಿ ಯಂತ್ರಕ್ಕೇ ಕಲಿಸಲಾಗಿದೆ.

ಸಮಾನಲಿಪಿಯ ಜೊತೆಗೆ ಇನ್ನೊಂದು ಪ್ರಶ್ನೆಯೂ ಎದ್ದಿತು. ಸಂಖ್ಯೆಗಳನ್ನು ಓದುವ ವಿದ್ಯೆ ತಯಾರಕರ ಅಂಗೀಕೃತ ಕಾರ್ಯಾಗಾರಗಳಲ್ಲಿಯೇ ಉಳಿಯಬೇಕೇ, ಬೀದಿಯ ಗ್ಯಾರೇಜಿಗೂ ದೊರೆಯಬೇಕೇ? ಅಮೆರಿಕದ ಶುದ್ಧವಾಯು ಶಾಸನಕ್ಕೆ ೧೯೯೦ರಲ್ಲಿ ತಂದ ತಿದ್ದುಪಡಿ, ಮಾಲಿನ್ಯಕ್ಕೆ ಸಂಬಂಧಿಸಿದ ರಿಪೇರಿಗೆ ಬೇಕಾದ ಮಾಹಿತಿಯನ್ನು ಸ್ವತಂತ್ರ ರಿಪೇರಿಗಾರರಿಗೂ ಒದಗಿಸಬೇಕೆಂದು ವಿಧಿಸಿತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೨೦೧೨ರಲ್ಲಿ ರಿಪೇರಿಯ ಹಕ್ಕನ್ನು ಕುರಿತ ಶಾಸನವೇ ಆಯಿತು. ಬೋಲ್ಟನ್ ಮತ್ತು ವಾಟ್ ಸಂಸ್ಥೆ ತನ್ನ ಇಂಡಿಕೇಟರನ್ನು ಬಚ್ಚಿಟ್ಟುಕೊಂಡದ್ದನ್ನು ನೆನೆದರೆ ಈ ವಿವಾದದ ಬೇರು ಎಷ್ಟು ಆಳವಾದುದೆಂಬುದು ವ್ಯಕ್ತವಾಗುತ್ತದೆ.

ಯೂರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ ಇಂಥ ನಿಯಮ ೨೦೦೧ರ ಹೊತ್ತಿಗೆ ನೆಲೆಗೊಂಡಿತು. ಭಾರತದಲ್ಲಿ ಇದರ ಹಿನ್ನೆಲೆ ದೆಹಲಿಯ ವಾಯುಮಾಲಿನ್ಯವನ್ನು ಕುರಿತ ಮೊಕದ್ದಮೆಯಲ್ಲಿದೆ. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೧೯೯೯ರಲ್ಲಿ ಕೊಟ್ಟ ಆಜ್ಞೆ ರಾಜಧಾನಿಯ ವಲಯದಲ್ಲಿ ಯೂರೋಪಿನ ಮಿತಿಗಳನ್ನು ತ್ವರಿತವಾಗಿ ಜಾರಿಗೆ ತಂದಿತು. ಕಾರ್ಬ್ಯುರೇಟರಿನ ಕಾರುಗಳು ಹಿಂದೆ ಸರಿಯಲು ಅದು ಮುಖ್ಯ ಕಾರಣವಾಯಿತು. ೨೦೧೦ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿದಂತೆ ಹದಿಮೂರು ನಗರಗಳಲ್ಲಿ ಭಾರತ್ ನಾಲ್ಕನೆಯ ಹಂತ ಜಾರಿಗೆ ಬಂದಾಗ ಕಾರುಗಳಲ್ಲಿ ಸ್ವಯಂದೋಷಸೂಚನೆಯ ಮೊದಲ ಮಟ್ಟ ಕಡ್ಡಾಯವಾಯಿತು. ೨೦೧೩ರಲ್ಲಿ ಎರಡನೆಯ ಮಟ್ಟ. ೨೦೨೦ರ ಏಪ್ರಿಲಿನಲ್ಲಿ ಆರನೆಯ ಹಂತ ದೇಶಕ್ಕೆಲ್ಲ ಅನ್ವಯವಾದಾಗ ಮೋಟಾರು ಸೈಕಲು, ಸ್ಕೂಟರುಗಳೂ ಬಹುಮಟ್ಟಿಗೆ ಕಾರ್ಬ್ಯುರೇಟರನ್ನು ಬಿಟ್ಟುಕೊಟ್ಟುವು. ಬೆಂಗಳೂರಿನವರಿಗೆ ಮೈಕೋ ಎಂಬ ಹೆಸರಿನಿಂದ ಪರಿಚಿತವಾಗಿದ್ದ ಕಾರ್ಖಾನೆ, ೧೯೫೧ರಲ್ಲಿ ಬಾಷ್ ಸಂಸ್ಥೆಯ ಸಹಯೋಗದಿಂದ ಸ್ಥಾಪಿತವಾಗಿ ಪ್ಲಗ್ಗುಗಳಿಗೂ ಡೀಸೆಲ್ ಪಂಪುಗಳಿಗೂ ಹೆಸರಾದುದು. ೨೦೦೮ರಲ್ಲಿ ಅದು ಬಾಷ್ ಎಂಬ ಹೆಸರನ್ನೇ ತಳೆಯಿತು. ಡಿ-ಜೆಟ್ರೋನಿಕ್ ಅನ್ನು ರಚಿಸಿದ ಮನೆತನದ ಒಂದು ಕವಲು ನಮ್ಮ ನಡುವೆಯೇ ಬೆಳೆದಿದೆ. ಪ್ಲಗ್ಗಿನ ಬಣ್ಣವನ್ನು ನೋಡಿ ದೋಷವನ್ನು ಹೇಳುತ್ತಿದ್ದ ನಮ್ಮ ಊರುಗಳ ಮೆಕ್ಯಾನಿಕ್ಕುಗಳು ಈಗ ಸಂಕೇತಗಳನ್ನು ಓದುವ ಸ್ಕ್ಯಾನರನ್ನೂ ಇಟ್ಟುಕೊಳ್ಳಬೇಕಾಗಿದೆ.

೭. ಇಬ್ಬರು ಸಾಕ್ಷಿಗಳು

ಥ್ರಾಟಲ್ ತಟ್ಟೆಯನ್ನು ಆಕ್ಸಿಲರೇಟರಿಗೆ ಕಟ್ಟಿದ್ದ ತಂತಿ ೧೯೮೦ರ ದಶಕದ ಕೊನೆಯಿಂದ ಕ್ರಮೇಣ ಮಾಯವಾಗತೊಡಗಿತು. ಹೊಸ ಏರ್ಪಾಡಿನಲ್ಲಿ ಚಾಲಕನ ಕಾಲು ಅಳೆಯಲ್ಪಡುತ್ತದೆ. ಗಣಕವು ಆಲೋಚಿಸಿ, ಒಂದು ಮೋಟಾರಿನಿಂದ ತಟ್ಟೆಯನ್ನು ತಿರುಗಿಸುತ್ತದೆ. ಹೀಗಿರಲಾಗಿ ಸಂವೇದಕದ ವಾರ್ತೆ ಸುಳ್ಳಾದರೆ ಕಾರು ತಡವರಿಸುವುದಷ್ಟೇ ಅಲ್ಲ, ಪ್ರಾಣಾಪಾಯವೇ ಸಂಭವಿಸಬಹುದು. ಆದುದರಿಂದ ಪೆಡಲಿನಲ್ಲಿಯೂ ತಟ್ಟೆಯಲ್ಲಿಯೂ ಇಬ್ಬಿಬ್ಬರು ಸಾಕ್ಷಿಗಳನ್ನು ಇರಿಸಿದರು. ಹಲವು ರಚನೆಗಳಲ್ಲಿ ತಟ್ಟೆ ತೆರೆದಂತೆ ಒಂದು ಸಂವೇದಕದ ವೋಲ್ಟೇಜು ಏರಿದರೆ ಇನ್ನೊಂದರದು ಇಳಿಯುತ್ತದೆ. ಒಂದೇ ಕಾರಣ ಇಬ್ಬರನ್ನೂ ಒಂದೇ ರೀತಿಯಲ್ಲಿ ಕೆಡಿಸದಿರಲೆಂಬುದು ಇದರ ಉದ್ದೇಶ. ಸಾಕ್ಷಿಗಳು ಒಪ್ಪದಿದ್ದರೆ ಗಣಕವು ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿಬಿಡುತ್ತದೆ. ಸವೆಯುವ ಪಟ್ಟಿಯ ಬದಲು, ೧೮೭೯ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಅನುಸರಿಸಿ ಅಯಸ್ಕಾಂತದ ಮೂಲಕ ಮುಟ್ಟದೆಯೇ ಅಳೆಯುವ ಸಂವೇದಕಗಳೂ ಬಂದುವು.

ಇಷ್ಟಾದರೂ ಸಾಕ್ಷ್ಯದ ಸಮಸ್ಯೆ ತೀರಲಿಲ್ಲವೆಂಬುದಕ್ಕೆ ಟೊಯೋಟಾ ಪ್ರಕರಣ ನಿದರ್ಶನ. ೨೦೦೯ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೇಗ ತಗ್ಗದ ಕಾರೊಂದರ ಅಪಘಾತದಲ್ಲಿ ನಾಲ್ವರು ಮೃತರಾದರು. ಆ ಕಾರಿನಲ್ಲಿ ಅಳತೆಗೆ ಒಪ್ಪದ ಕಾಲೊರಸು ಪೆಡಲನ್ನು ಹಿಡಿದಿಟ್ಟಿತ್ತೆಂದು ವಿಚಾರಣೆಯಿಂದ ಕಂಡುಬಂದಿತು. ಆದರೆ ಇತರ ಅನೇಕ ದೂರುಗಳಿಗೆ ವಿದ್ಯುನ್ಮಾನ ಥ್ರಾಟಲ್ಲೇ ಕಾರಣವಿರಬಹುದೆಂಬ ಶಂಕೆ ಉಳಿಯಿತು. ಅಮೆರಿಕದ ರಸ್ತೆಸುರಕ್ಷತಾ ಇಲಾಖೆ ನಾಸಾ ಸಂಸ್ಥೆಯ ತಜ್ಞರ ನೆರವನ್ನು ಕೋರಿತು. ೨೦೧೧ರ ಫೆಬ್ರವರಿಯಲ್ಲಿ ಪ್ರಕಟವಾದ ವರದಿಯಲ್ಲಿ, ವಿದ್ಯುನ್ಮಾನ ದೋಷದಿಂದ ಥ್ರಾಟಲ್ ಅಪಾಯಕರವಾಗಿ ತೆರೆದುಕೊಂಡಿತೆಂಬುದಕ್ಕೆ ಆಧಾರ ದೊರೆಯಲಿಲ್ಲವೆಂದು ಹೇಳಲಾಗಿತ್ತು. ಜೊತೆಗೆ, ಆಧಾರ ದೊರೆಯಲಿಲ್ಲವೆಂದ ಮಾತ್ರಕ್ಕೆ ಅದು ಅಸಂಭವವೆಂದು ಸಿದ್ಧವಾಗುವುದಿಲ್ಲವೆಂಬ ಎಚ್ಚರಿಕೆಯೂ ಇತ್ತು. ಪೊಟೆನ್ಷಿಯೋಮೀಟರ್ ಬಗೆಯ ಕೆಲವು ಪೆಡಲ್ ಸಂವೇದಕಗಳೊಳಗೆ, ತವರದ ಲೇಪದಿಂದ ತಾನಾಗಿಯೇ ಬೆಳೆದ, ಕೂದಲಿಗಿಂತ ತೆಳುವಾದ ಲೋಹದ ಎಳೆಗಳನ್ನು ತಜ್ಞರು ಕಂಡರು. ಕೆಟ್ಟುಹೋಗಿದ್ದ ಒಂದು ಸಂವೇದಕದಲ್ಲಿ ಅಂಥ ಎಳೆಯೊಂದು ಎರಡು ಸಂಕೇತಗಳನ್ನೂ ಒಂದಕ್ಕೊಂದು ಬೆಸೆದಿತ್ತು. ಇಬ್ಬರು ಸಾಕ್ಷಿಗಳು ಗುಟ್ಟಾಗಿ ಮಾತಾಡಿಕೊಂಡಂತಾಯಿತು! ಮುಂದೆ ೨೦೧೩ರ ಅಕ್ಟೋಬರಿನಲ್ಲಿ ಓಕ್ಲಹೋಮಾದ ಒಂದು ಮೊಕದ್ದಮೆಯಲ್ಲಿ ಜ್ಯೂರಿಯು, ಬೇರೊಂದು ಅಪಘಾತಕ್ಕೆ ಥ್ರಾಟಲ್ ನಿಯಂತ್ರಣದ ದೋಷವನ್ನು ಹೊಣೆಮಾಡಿ ಸಂಸ್ಥೆಯ ವಿರುದ್ಧ ತೀರ್ಪಿತ್ತಿತು. ಸುರಕ್ಷತೆಯ ವಿಷಯದಲ್ಲಿ ಜನರಿಗೆ ತಪ್ಪು ತಿಳಿವಳಿಕೆ ಕೊಟ್ಟ ಆಪಾದನೆಯ ಸಂಬಂಧದಲ್ಲಿ ಸಂಸ್ಥೆ ೨೦೧೪ರಲ್ಲಿ ಅಮೆರಿಕ ಸರ್ಕಾರಕ್ಕೆ ೧೨೦ ಕೋಟಿ ಡಾಲರು ತೆರಲು ಒಪ್ಪಿತು.

ತಜ್ಞರ ವರದಿಯೂ ಜ್ಯೂರಿಯ ತೀರ್ಪೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಬಹುದು. ಎರಡರ ಪ್ರಶ್ನೆಗ��ೂ ಪ್ರಮಾಣಗಳೂ ಬೇರೆ ಎಂಬುದನ್ನು ಮರೆಯಬಾರದು. ಒಂದು, ಪ್ರಯೋಗಶಾಲೆಯಲ್ಲಿ ಕಾರಣವನ್ನು ಮತ್ತೆ ಉಂಟುಮಾಡಿ ತೋರಿಸಲು ಸಾಧ್ಯವೇ ಎಂದು ಕೇಳಿತು. ಇನ್ನೊಂದು, ಈ ಒಂದು ಅಪಘಾತದಲ್ಲಿ ಯಾವ ಕಾರಣ ಹೆಚ್ಚು ಸಂಭಾವ್ಯ ಎಂದು ಕೇಳಿತು. ಗಣಕದ ನೆನಪಿನಲ್ಲಿ ಸಂಖ್ಯೆ ದಾಖಲಾಗಿಲ್ಲವೆಂಬುದೂ ದೋಷವಿರಲಿಲ್ಲ ಎಂಬುದೂ ಒಂದೇ ಅಲ್ಲ. ದಾಖಲೆಯ ಮೌನವನ್ನು ಘಟನೆಯ ಅಭಾವವೆಂದು ಎಣಿಸಬಾರದೆಂಬ ಇತಿಹಾಸದ ಹಳೆಯ ಪಾಠ ಇಲ್ಲಿಯೂ ಸಲ್ಲುತ್ತದೆ.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಸ್ಥಾನಸಂವೇದಕವೂ ಅದರ ದೋಷಸಂಕೇತಗಳೂ ವ್ಯಾಪಕವಾದುದು ಕೇವಲ ತಂತ್ರಜ್ಞಾನದ ಸಹಜ ಬೆಳವಣಿಗೆಯಿಂದಲ್ಲ. ನಗರಗಳ ಗಾಳಿಯನ್ನು ಕುರಿತ ಸಾರ್ವಜನಿಕ ಕಾಳಜಿ ಮತ್ತು ಶಾಸನಗಳಿಂದ. ಎರಡನೆಯದು, ಯಂತ್ರದ ಒಳಗನ್ನು ಓದುವ ಸಾಧನ ಬಂದಾಗಲೆಲ್ಲ ಆ ಓದು ಯಾರ ಸೊತ್ತು ಎಂಬ ವಿವಾದವೂ ಜೊತೆಗೆ ಬಂದಿದೆ. ಮೂರನೆಯದು, ಸೂಚನೆ ಎಷ್ಟು ಸೂಕ್ಷ್ಮವಾದರೂ ನಿರ್ಣಯದ ಹೊಣೆ ಮನುಷ್ಯನನ್ನು ಬಿಟ್ಟಿಲ್ಲ. ಕಿವಿಯಿಂದ ಕೇಳುತ್ತಿದ್ದವನು ಇಂದು ಸಂಖ್ಯೆಯನ್ನು ಓದುತ್ತಾನೆ. ಆದರೆ ಆ ಸಂಖ್ಯೆಯನ್ನು ಯಾರು, ಯಾವ ಮಾರ್ಗದಿಂದ, ಯಾವ ಮಿತಿಗಳೊಳಗೆ ಹೇಳಿದರು ಎಂದು ವಿಚಾರಿಸದವನಿಗೆ ಎರಡೂ ನಿಷ್ಫಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಆಕರವಿಮರ್ಶೆಯನ್ನು ಕಲಿಸುವಾಗ ನಾವು ಸಾಮಾನ್ಯವಾಗಿ ಶಾಸನ, ಪ್ರವಾಸಿಗಳ ಬರಹ, ಆಡಳಿತದ ಕಡತಗಳನ್ನು ಮುಂದಿಡುತ್ತೇವೆ. ಅವುಗಳ ಪಕ್ಕದಲ್ಲಿ ಹತ್ತಿರದ ಗ್ಯಾರೇಜಿನ ಈ ಉದಾಹರಣೆಯನ್ನೂ ಇಟ್ಟರೆ ತಪ್ಪಾಗಲಾರದು. ಅಲ್ಲಿ ಸಾಕ್ಷ್ಯವನ್ನು ತಪ್ಪಾಗಿ ಓದಿದವನಿಗೆ ತನ್ನ ತಪ್ಪು ಬಹುಬೇಗ ತಿಳಿಯುತ್ತದೆ: ಹೊಸ ಸಂವೇದಕಕ್ಕೆ ಹಣ ತೆತ್ತ ಮಾಲೀಕನ ಕಾರು ಮರುದಿನ ಅದೇ ತಡವರಿಕೆಯೊಡನೆ ಹಿಂತಿರುಗಿ ಬರುತ್ತದೆ. ಚರಿತ್ರೆಯ ಬರಹದಲ್ಲಿ ಅಂಥ ತಪ್ಪು ತಲೆಮಾರುಗಳವರೆಗೆ ಬೆಳಕಿಗೆ ಬಾರದೆ ಉಳಿಯಬಹುದು. ಆದುದರಿಂದಲೇ ಈ ಎಚ್ಚರ ಮೆಕ್ಯಾನಿಕ್ಕಿಗಿಂತಲೂ ಚರಿತ್ರಕಾರನಿಗೆ ಹೆಚ್ಚು ಅಗತ್ಯ.